ಐಸ್ ಪ್ಲಾಂಟಿನ ಮೂಗು

ಹೊಸದು ಯಾವುದೂ ಬೇಡ ಎಂದು ಅಪ್ಪ ಎಂದೂ ಹೇಳಿದವರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹಳೇ ಕಾಲದ ಕಾರ್ಖಾನೆ ಮಾಲೀಕ ಎಂದರೆ ಸಾಕು, ಜಿಪುಣ, ಹಟಮಾರಿ, ಲೋಕ ಕಾಣದವ ಎಂದು ಜನ ಅಂದುಕೊಳ್ಳುತ್ತಾರೆ, ನನಗೆ ಮೈಯೆಲ್ಲ ಉರಿಯುತ್ತದೆ. ಹೊನ್ನಾವರದ ಬಂದರಿನ ಬಳಿ ನಮ್ಮದು ಐಸ್ ಪ್ಲಾಂಟ್. ಮೀನಿನ ಬೋಟುಗಳಿಗೆ ಐಸ್ ಮಾಡಿ ಕೊಡುವುದು ಕೆಲಸ. ಐಸ್ ಪುಡಿ ಮಾಡಿ ಕೊಳವೆಯಲ್ಲಿ ನೇರ ಲಾರಿಗೆ ಬೀಳುವ ಹಾಗೆ ನಮ್ಮ ಕಡೆ ಮೊದಲು ಜೋಡಿಸಿದವರು ಅಪ್ಪ. ಚಾವಣಿಯ ಮೇಲೆ ಸೋಲಾರ್ ಹಾಕಿಸಿ, ಬಂದವರನ್ನೆಲ್ಲ ಏಣಿ ಹತ್ತಿಸಿ ತೋರಿಸಿದವರೂ ಅವರೇ. ಅವರು ಬೇಡ ಅಂದದ್ದು ಒಂದನ್ನು ಮಾತ್ರ. ಗ್ಯಾಸ್ ಸೋರಿದರೆ ಕೂಗುವ ಪೆಟ್ಟಿಗೆ.

ಗ್ಯಾಸ್ ಎಂದರೆ ಅಮೋನಿಯಾ. ಐಸ್ ಕಟ್ಟುವುದು ಅದರಿಂದಲೇ. ಯಂತ್ರದ ಕೊಳವೆಗಳ ಒಳಗೆ ಅದು ಸುತ್ತುತ್ತಿರುವ ತನಕ ಯಾರಿಗೂ ಏನೂ ತೊಂದರೆ ಇಲ್ಲ. ಹೊರಗೆ ಬಂತೋ, ಮೊದಲು ಮೂಗಿಗೆ ಹೊಡೆಯುತ್ತದೆ, ಆಮೇಲೆ ಕಣ್ಣು, ಆಮೇಲೆ ಎದೆ. ಜಾಸ್ತಿ ಬಂದರೆ ಮನುಷ್ಯ ಉಳಿಯುವುದಿಲ್ಲ. ಚಿಕ್ಕವಳಿದ್ದಾಗಲೇ ನನಗೆ ಇದು ಗೊತ್ತು. ಐಸ್ ಪ್ಲಾಂಟಿನ ಮನೆಯಲ್ಲಿ ಮಕ್ಕಳಿಗೆ ಗುಮ್ಮನನ್ನು ತೋರಿಸಿ ಹೆದರಿಸುವುದಿಲ್ಲ, ಗ್ಯಾಸ್ ಎಂದರೆ ಸಾಕು.

ಆ ಗ್ಯಾಸನ್ನು ಕಾಯುತ್ತಿದ್ದುದು ನಮ್ಮ ಆಪರೇಟರನ ಮೂಗು. ನಾನು ಅವರನ್ನು ಮಾಮ ಎನ್ನುತ್ತೇನೆ, ಅವರು ಅಪ್ಪನ ಹಾಗೆಯೇ ನನ್ನನ್ನು ತಂಗಿ ಎನ್ನುತ್ತಾರೆ. ರಕ್ತಸಂಬಂಧ ಏನಿಲ್ಲ, ನಾನು ಫ್ರಾಕ್ ಹಾಕುತ್ತಿದ್ದ ಕಾಲದಿಂದ ಅವರು ನಮ್ಮಲ್ಲಿದ್ದಾರೆ. ಮದುವೆಯಾಗಿ ನಾನು ಹಳದೀಪುರಕ್ಕೆ ಬಂದ ಮೇಲೆ ನಮ್ಮ ಮನೆಯ ಹಿಂದಿನ ಕೇರಿಯೇ ಅವರದು ಎಂದು ಗೊತ್ತಾಯಿತು. ಈಗ ನಾನು ಪ್ಲಾಂಟಿನ ಆಫೀಸು ನೋಡಿಕೊಳ್ಳುತ್ತೇನೆ, ಇಬ್ಬರೂ ಒಂದೇ ಬಸ್ಸಿಗೆ ಹೋಗುತ್ತೇವೆ.

ಮಾಮ ಯಂತ್ರದ ಕೋಣೆಗೆ ಬಂದವರೇ ಒಂದು ಗಳಿಗೆ ಸುಮ್ಮನೆ ನಿಲ್ಲುತ್ತಿದ್ದರು. ತಲೆಯನ್ನು ಒಂದಿಷ್ಟು ಆಚೆ, ಒಂದಿಷ್ಟು ಈಚೆ. ಯಾರಿಗೂ ಬಾರದ ವಾಸನೆ ಅವರಿಗೆ ಬರುತ್ತಿತ್ತು. ಬಂದರೆ ಅಪ್ಪನ ಹತ್ತಿರ ಹೋಗಿ ಕಿವಿಯಲ್ಲಿ ಹೇಳುತ್ತಿದ್ದರು: "ಆಚೆ ಬದಿ ವಾಲ್ವು, ಸ್ವಲ್ಪ." ಗಂಧಕದ ಕಡ್ಡಿ ಹಚ್ಚಿ ಕೊಳವೆಗುಂಟ ಹಿಡಿದರೆ ಸೋರುವ ಜಾಗದಲ್ಲಿ ಬೆಳ್ಳಗೆ ಹೊಗೆ ಏಳುತ್ತಿತ್ತು. ಸ್ಪ್ಯಾನರ್ ಹಾಕಿ ಬಿಗಿದರೆ ಆತು. ಹೊರಗೆ ಐಸ್ ಎಳೆಯುವವರಿಗೂ ಗೊತ್ತಾಗುತ್ತಿರಲಿಲ್ಲ. ಬಂದರಿನಲ್ಲಿ ನಮ್ಮ ಹೆಸರು ನಿಂತಿದ್ದೇ ಇದರ ಮೇಲೆ. ಇವರ ಪ್ಲಾಂಟಿನಲ್ಲಿ ಒಂದು ದಿನವೂ ಗ್ಯಾಸ್ ಹೋಗಿದ್ದಿಲ್ಲ ಎನ್ನುತ್ತಿದ್ದರು. ಹೋಗುತ್ತಿತ್ತು ಸ್ವಾಮಿ, ಎಲ್ಲರ ಪ್ಲಾಂಟಿನಲ್ಲೂ ಹೋಗುವಷ್ಟೇ ಹೋಗುತ್ತಿತ್ತು. ಊರಿಗೆ ಕೇಳುತ್ತಿರಲಿಲ್ಲ, ಅಷ್ಟೇ.

ಕುಮಟೆಯಿಂದ ಆ ಪೆಟ್ಟಿಗೆ ಮಾರುವ ಮನುಷ್ಯ ಮೊದಲ ಸಲ ಬಂದಾಗ ಅಪ್ಪ ಚಾ ಕೊಟ್ಟು ಪೂರ್ತಿ ಕೇಳಿದರು. ಗೋಡೆಗೆ ಒಂದು ಡಬ್ಬಿ, ಮಾಡಿನ ಮೇಲೆ ಒಂದು ಸೈರನ್. ಗ್ಯಾಸಿನ ಸುಳಿವು ಸಿಕ್ಕಿದ ಕೂಡಲೇ ಕೂಗುತ್ತದೆ, ಬಂದರಿನ ತನಕ ಕೇಳುತ್ತದೆ ಎಂದು ಆತ ಹೆಮ್ಮೆಯಿಂದ ಹೇಳಿದ. ಅಪ್ಪನ ಮುಖ ಬಾಡಿದ್ದೇ ಅಲ್ಲಿ.

"ಕೂಗದೆ ಇರೂದು ಇಲ್ವಾ?" ಎಂದು ಕೇಳಿದರು.

"ಅದಕ್ಕೆ ಬಟನ್ ಉಂಟಲ್ಲ ಸಾರ್, ಸೈರನ್ ಬಂದ್ ಮಾಡಬಹುದು. ಎಲ್ಲಾ ಮಾಲೀಕರೂ ಮೊದಲು ಕೇಳೂದು ಅದನ್ನೇ" ಎಂದ ಆತ ಖುಷಿಯಿಂದ.

"ಬಂದ್ ಮಾಡಿ ಇಡೂದಾದ್ರೆ ತಕೊಳ್ಳೂದು ಎಂತಕೆ ಮಾರಾಯ?" ಎಂದರು ಅಪ್ಪ. ಆತ ಚಾ ಮುಗಿಸಿ ಚೀಲ ಕಟ್ಟಿಕೊಂಡು ಎದ್ದ.

ಅಪ್ಪನ ಹೆದರಿಕೆ ಸುಳ್ಳೇನೂ ಆಗಿರಲಿಲ್ಲ. ಭಟ್ಕಳದಲ್ಲಿ ಅವರ ಹಳೇ ದೋಸ್ತಿ ಒಬ್ಬ ಸಾಹೇಬರು, ಅವರದೂ ಐಸ್ ಪ್ಲಾಂಟೇ, ಆ ಪೆಟ್ಟಿಗೆ ಹಾಕಿಸಿದ್ದರು. ಯಂತ್ರದಿಂದ ಹಳೇ ಎಣ್ಣೆ ತೆಗೆಯುವಾಗ ಒಂದಿಷ್ಟು ಗ್ಯಾಸ್ ಹೊರಬರುವುದು ಇದ್ದದ್ದೇ. ಅಷ್ಟಕ್ಕೇ ಅದು ಕೂಗಿಬಿಟ್ಟಿತು. ಬಂದರಿನ ಜನವೆಲ್ಲ ಬುಟ್ಟಿ ಬಿಟ್ಟು ಓಡಿದರು. ಓಡುವುದನ್ನು ಯಾರೋ ಮೊಬೈಲಿನಲ್ಲಿ ಹಿಡಿದು ಊರಿಗೆಲ್ಲ ಕಳಿಸಿದರು. ಆ ಸೀಸನ್ ಮುಗಿಯುವ ತನಕ ಬೋಟಿನವರು ಅವರ ಐಸಿನ ತಂಟೆಗೆ ಹೋಗಲಿಲ್ಲ. "ಅರೇ ಭಾಯ್, ಗ್ಯಾಸ್ ಹೋದದ್ದು ಒಂದು ಲೋಟದಷ್ಟೂ ಇಲ್ಲ, ಗಿರಾಕಿ ಎಲ್ಲಾ ಹೋತು" ಎಂದು ಸಾಹೇಬರು ನಮ್ಮ ಆಫೀಸಿನಲ್ಲಿ ಕೂತು ಹೇಳಿದ್ದನ್ನು ಅಪ್ಪ ಬಂದವರಿಗೆಲ್ಲ ಹೇಳಿ ನಗುತ್ತಿದ್ದರು. ನಾನೂ ನಕ್ಕವಳೇ. ಪಾಪ, ಸಾಹೇಬರು ಮಾಡಿದ್ದು ಸರಿಯಾದ ಕೆಲಸ, ನಗೆಪಾಟಲಾದದ್ದೂ ಅವರೇ.

ಹೀಗಿರುವಾಗ ಒಂದು ದಿನ ಮಾಮನ ಹೆಂಡತಿ ನಮ್ಮ ಮನೆಗೆ ಬಂದರು. ಕಾಲು ಉಳುಕಿತ್ತು, ಕುಂಟಿಕೊಂಡೇ ಬಂದಿದ್ದರು. ಯಾವಾಗಲೂ ಪೇಟೆಗೆ ಹೋಗಿ ಮೀನು ತಾವೇ ನೋಡಿ ತೆಗೆದುಕೊಳ್ಳುವವರು, ಕಾಲು ನೋವಿನಿಂದಾಗಿ ಆ ವಾರ ಗಂಡನನ್ನು ಪೇಟೆಗೆ ಅಟ್ಟಿದ್ದರು. ಮಾಮ ತಂದ ಬಂಗಡೆಯನ್ನು ಚೀಲ ಬಿಚ್ಚುವ ಮೊದಲೇ ತೆಂಗಿನ ಬುಡಕ್ಕೆ ಎಸೆಯಬೇಕಾಯಿತಂತೆ. ಮರುದಿನ ತಂದದ್ದೂ ಹಾಗೇ.

"ಹೊಳೆ ಬದಿಯಲ್ಲಿ ಹುಟ್ಟಿದ ಮನ್ಷ ಕೊಳತ ಬಂಗಡೆ ತಂದ್ರೆ ಎಂತ ಹೇಳೂದೆ? ಬೆಕ್ಕು ಸಹ ಮುಟ್ಲಿಲ್ಲ!" ಎಂದರು. ಕಣ್ಣಲ್ಲಿ ನೀರಿತ್ತು. "ಕುಡೀತಾರೋ ಏನೋ ನಂಗೆ ಗೊತ್ತಾಗ್ತಿಲ್ಲ. ನೀನೇ ಒಂದ್ಸಲ ಕೇಳು."

ನಮ್ಮ ಕಡೆ ಗಂಡಸು ಏನು ಮರೆತರೂ ಮೀನು ಮರೆಯುವುದಿಲ್ಲ. ಮಾಮನಂತೂ ಕಿವಿರು ಎತ್ತಿ ನೋಡುವವರನ್ನು ಕಂಡರೆ ತಮಾಷೆ ಮಾಡುವವರು. ಬುಟ್ಟಿಯ ಪಕ್ಕದಲ್ಲಿ ಸುಮ್ಮನೆ ನಡೆದುಹೋಗಿ, ಇದು ನಿನ್ನೆಯದು, ಇದು ಇವತ್ತಿನದು ಎನ್ನುತ್ತಿದ್ದರು. ಹೆಂಡತಿ ಕುಡಿತದ ಮಾತಾಡುತ್ತಿದ್ದರು, ನನಗೆ ನೆನಪಾದದ್ದು ಮಾಮನ ಮೂಗು. ಮೀನಿನ ಚಿಂತೆ ಹೋಗಿ ಪ್ಲಾಂಟಿನ ಚಿಂತೆ ಹಿಡಿಯಿತು.

ಮರುದಿನ ಹಳದೀಪುರದ ಹೈವೇ ಬದಿ ಬಸ್ಸಿಗೆ ನಿಂತಾಗ ನೇರವಾಗಿ ಕೇಳಿದೆ. ಸುತ್ತಿ ಬಳಸಿ ಮಾತಾಡುವುದು ನನಗೆ ಬರುವುದಿಲ್ಲ.

"ಮಾಮ, ನಿಮ್ಗೆ ವಾಸನೆ ಬರೂದು ನಿಂತಿದ್ಯಾ?"

ಅವರು ರಸ್ತೆಯ ಕಡೆ ನೋಡಿದರು. ಒಂದು ಲಾರಿ ಹೋಯಿತು. "ಕೊರೊನಾದಲ್ಲಿ ಹೋದದ್ದು ತಂಗಿ. ಎಲ್ಲರದೂ ತಿರುಗಿ ಬಂತು, ನಂದು ಬರ್ಲಿಲ್ಲ."

"ಕೊರೊನಾ ಹೋಗಿ ಎಷ್ಟು ಕಾಲ ಆಯ್ತು! ಇಷ್ಟು ದಿನ ಪ್ಲಾಂಟಿನಲ್ಲಿ ಎಂತ ಮೂಸ್ತಾ ಇದ್ರಿ?"

"ಜಾಸ್ತಿ ಬಂದ್ರೆ ಕಣ್ಣು ಉರೀತದಲ್ಲ. ಮತ್ತೆ ಅಪ್ಪ ಇದ್ದಾರಲ್ಲ. ಬೆಳಗ್ಗೆ ಬಂದ ಕೂಡ್ಲೆ ಅವ್ರು ಒಂದು ಸುತ್ತು ಹಾಕ್ತಾರೆ." ಬುತ್ತಿಚೀಲ ಇನ್ನೊಂದು ಕೈಗೆ ಬದಲಿಸಿ, "ಅಪ್ಪಂಗೆ ಹೇಳ್ಬೇಡ. ಮೂಗಿಲ್ಲ ಅಂದ್ರೆ ನಾ ಅಲ್ಲಿ ಎಂತಕೆ? ಸ್ಪ್ಯಾನರ್ ಯಾರು ಬೇಕಾದ್ರೂ ಹಿಡೀತಾರೆ" ಎಂದರು.

ಸಿಟ್ಟು ಬಂತು, ಅಷ್ಟೇ ಸಂಕಟವೂ ಆಯಿತು. ನಮ್ಮ ಐಸ್ ಎಳೆಯುವ ಹುಡುಗರು, ಹುಡುಗರೇನು, ಮಕ್ಕಳೊಂದಿಗರು, ಮಧ್ಯಾಹ್ನ ಬುತ್ತಿ ಉಂಡು ತಂಪೆಂದು ಪ್ಲಾಂಟಿನ ಒಳಗೇ ಗೋಣಿ ಹಾಸಿ ಮಲಗುತ್ತಾರೆ. ಕಣ್ಣು ಉರಿಯುವ ತನಕ ಕಾಯುವುದಾದರೆ ಮಲಗಿದವರ ಕಣ್ಣು ಯಾರು ತೆರೆಯಬೇಕು? ಬಸ್ಸಿನಲ್ಲಿ ನಾನು ಬೇರೆ ಸೀಟಿನಲ್ಲಿ ಕೂತೆ. ಹೊನ್ನಾವರದಲ್ಲಿ ಇಳಿದವಳೇ ಅಪ್ಪನ ಎದುರು ನಿಂತು ಹೇಳಿದೆ. ಹೇಳಬೇಡ ಅಂದದ್ದನ್ನೂ ಸೇರಿಸಿಯೇ ಹೇಳಿದೆ.

ಅಪ್ಪ ಪೇಪರು ಕೆಳಗಿಡಲಿಲ್ಲ. "ನಂಗೆ ಗೊತ್ತು" ಎಂದರು.

"ಎಂತ?"

"ಅವಾಗ್ಲೇ ಗೊತ್ತು. ಪಕ್ಕದಲ್ಲೇ ವಯರು ಸುಟ್ರೂ ಅವಂಗೆ ಗೊತ್ತಾಗಿದ್ದಿಲ್ಲ. ಅದಕ್ಕೇ ನಾ ಬೆಳಗ್ಗೆ ಬೇಗ ಬರೂದು. ನಾ ಇದ್ದೇನಲ್ಲ."

"ಹಾಗಾದ್ರೆ ಆ ಪೆಟ್ಟಿಗೆ ಹಾಕ್ಸೂಕೆ ಎಂತ ಅಡ್ಡಿ?"

ಆಗ ಪೇಪರು ಮಡಚಿದರು. "ಇಷ್ಟು ವರ್ಷ ಅವ್ನ ಮೂಗಿನ ಮೇಲೆ ನಾವು ಉಂಡಿದ್ದೇವೆ ತಂಗಿ. ನೀನು ಓದಿದ್ದೂ ಅದ್ರ ಮೇಲೇ. ಇವತ್ತು ಗೋಡೆಗೆ ಪೆಟ್ಟಿಗೆ ಹೊಡೆದ್ರೆ ಊರಲ್ಲಿ ಎಂತ ಹೇಳ್ತ್ರು? ಅವಂದು ಮುಗೀತು ಹೇಳ್ತ್ರು. ಅವ ಇದ್ದಷ್ಟು ದಿನ ಬೇಡ."

ಇಂಥ ಮಾತಿಗೆ ಏನು ಹೇಳುವುದು? ಅಪ್ಪ ಕೆಟ್ಟವರಾಗಿದ್ದರೆ ನನಗೆ ಎಷ್ಟು ಸುಲಭ ಇತ್ತು! ಎದ್ದು ಜಗಳ ಆಡಿ, ಬಾಗಿಲು ಬಡಿದು, ಕೆಲಸ ಬಿಟ್ಟು ಹೋಗಬಹುದಿತ್ತು. ಆದರೆ ಅವರಿಗೆ ಮಾಮನ ಮೇಲೆ ಇದ್ದ ಪ್ರೀತಿಯೂ ನಿಜ, ಊರ ಬಾಯಿಯ ಹೆದರಿಕೆಯೂ ನಿಜ. ಯಾವುದು ಎಷ್ಟು ಎಂದು ಅವರಿಗೇ ಗೊತ್ತಿರಲಿಕ್ಕಿಲ್ಲ. "ಮಲಗಿದವ್ರಿಗೆ ಏನಾದ್ರೂ ಆದ್ರೆ?" ಎಂದೆ. "ಬಿಡ್ತು ಅನ್ನು" ಎಂದು ಗದರಿದರು. ಅಲ್ಲಿಗೆ ಮುಗಿಯಿತು.

ಆಮೇಲೆ ನನಗೆ ಮಧ್ಯಾಹ್ನ ಊಟ ಸೇರುತ್ತಿರಲಿಲ್ಲ. ಒಂದಲ್ಲ ಒಂದು ನೆಪ ಮಾಡಿ ಮಲಗಿದವರ ನಡುವೆ ಹೋಗಿ ನಿಂತು ಬರುತ್ತಿದ್ದೆ. ಅವರಿಗೆ ನಾನು ಕೆಲಸಕ್ಕೆ ಎಬ್ಬಿಸಲು ಬಂದ ಹಾಗೆ ಕಂಡಿರಬೇಕು, ಮುಖ ಗಂಟು ಹಾಕುತ್ತಿದ್ದರು.

ಮಳೆಗಾಲದ ರಜೆ ಮುಗಿದು ಬೋಟುಗಳು ಸಮುದ್ರಕ್ಕೆ ಇಳಿದ ಸಮಯ. ಪ್ಲಾಂಟು ಬಿಡುವಿಲ್ಲದೆ ನಡೆಯುತ್ತಿತ್ತು. ನಾನು ಹಲ್ಲು ತೋರಿಸಲು ಕುಮಟೆಗೆ ಹೋಗಿದ್ದೆ, ಬರುವಾಗ ಮಧ್ಯಾಹ್ನವಾಯಿತು. ಆಫೀಸಿನ ಮೆಟ್ಟಿಲ ಹತ್ತಿರ ಬಂದಾಗಲೇ ವಾಸನೆ ಬಂತು. ಬಸ್ ಸ್ಟ್ಯಾಂಡಿನ ಮೂತ್ರಿಯ ಹತ್ತಿರ ಬರುತ್ತದಲ್ಲ, ಹಾಗೆ. ಬಾಗಿಲು ದೂಡಿದರೆ ಒಳಗೆ ಇನ್ನೂ ಗಾಢ.

ಒಳಗೆ ಅಪ್ಪ ಮತ್ತು ಮಾಮ ಎದುರುಬದುರು ಕೂತು ಚಾ ಕುಡಿಯುತ್ತಿದ್ದರು. ಈ ಸಲ ಸಿಗಡಿ ಹೇಗೆ ಬಿದ್ದೀತು ಎಂದು ಮಾತು. ಅವರ ಬೆನ್ನ ಹಿಂದಿನ ಕಿಟಕಿ ಯಂತ್ರದ ಕೋಣೆಗೆ ತೆರೆದಿತ್ತು. ಇಬ್ಬರೂ ನನ್ನನ್ನು ನೋಡಿದರು. ಅಪ್ಪ ಆರಾಮವಾಗಿ ಇನ್ನೊಂದು ಗುಟುಕು ಕುಡಿದು, "ಎಂತಾತು ತಂಗಿ, ಅಲ್ಲೇ ನಿಂತ್ಯಲ್ಲ? ಹಲ್ಲು ನೋವಾ?" ಎಂದರು.

ನಾನು ಅಪ್ಪನ ಮುಖ ನೋಡಿದೆ. ಮಾಮನ ಮುಖ ನೋಡಿದೆ. ಇಬ್ಬರಿಗೂ ಬರುತ್ತಿರಲಿಲ್ಲ. ಅಪ್ಪನ ಧೈರ್ಯದಲ್ಲಿ ಮಾಮ ಕೂತಿದ್ದರು. ಅಪ್ಪನಿಗೆ ತಮ್ಮ ಮೂಗಿನದೇ ಧೈರ್ಯ. ವಯಸ್ಸಿಗೋ, ಇಷ್ಟು ವರ್ಷ ಅದೇ ಗ್ಯಾಸಿನಲ್ಲಿ ಕೂತದ್ದಕ್ಕೋ, ಅದು ಯಾವಾಗ ಹೋಗಿತ್ತೋ ದೇವರೇ ಬಲ್ಲ. ಗೋಡೆಯ ಆಚೆ ಗೋಣಿಯ ಮೇಲೆ ಜನ ಮಲಗಿದ್ದರು.

"ಗ್ಯಾಸ್! ಏಳ್ರೋ! ಎಲ್ಲಾ ಹೊರಗೆ ನಡೀರಿ!" ಎಂದು ಕೂಗಿಕೊಂಡೇ ಓಡಿದೆ. ನನ್ನ ಗಂಟಲಲ್ಲಿ ಅಷ್ಟು ದೊಡ್ಡ ದನಿ ಇದೆ ಎಂದು ನನಗೇ ಗೊತ್ತಿರಲಿಲ್ಲ. ಮಲಗಿದವರನ್ನು ಕಾಲು ಹಿಡಿದು ಎಳೆದೆ, ಬೆನ್ನಿಗೆ ಬಡಿದೆ. ಅವರು ಕೆಮ್ಮುತ್ತ, ಬೈಯುತ್ತ ಗೇಟಿನ ಆಚೆಗೆ ಓಡಿದರು. ಮಾಮ ಒದ್ದೆ ಟವೆಲು ಮುಖಕ್ಕೆ ಸುತ್ತಿಕೊಂಡು ಒಳಗೆ ನುಗ್ಗಿ ವಾಲ್ವು ತಿರುಗಿಸಿದರು. ಬೆಳಗ್ಗೆ ಎಣ್ಣೆ ತೆಗೆದ ಮೇಲೆ ಅದನ್ನು ಪೂರ್ತಿ ಬಿಗಿದಿರಲಿಲ್ಲ, ಅಷ್ಟೇ. ಹೊರಗೆ ಬಂದು ಗೋಡೆಗೆ ಒರಗಿ ಕೂತರು, ಯಾರ ಮುಖವನ್ನೂ ನೋಡಲಿಲ್ಲ. ಒಬ್ಬ ತುಂಬ ವಾಂತಿ ಮಾಡಿಕೊಂಡ, ರಿಕ್ಷಾದಲ್ಲಿ ಆಸ್ಪತ್ರೆಗೆ ಕಳಿಸಿದೆವು. ಸಂಜೆ ಮನೆಗೆ ಬಿಟ್ಟರು. ಹೋದ ಜೀವ ಬಂದ ಹಾಗಾಯಿತು.

ಅಷ್ಟರಲ್ಲಿ ಬಂದರಿನ ಜನ ನೆರೆದಿತ್ತು. ಕೆಲವರ ಮೊಬೈಲು ಮೇಲೆ ಎದ್ದಿತ್ತು. ಅಪ್ಪ ಜನರ ನಡುವೆ ದಾರಿ ಮಾಡಿಕೊಂಡು ನನ್ನ ಹತ್ತಿರ ಬಂದರು. ತಲೆ ಸವರುತ್ತಾರೆ ಎಂದುಕೊಂಡೆ, ನಿಜವಾಗಿ ಹಾಗೇ ಅಂದುಕೊಂಡೆ. ಅವರು ಬಗ್ಗಿ, ಹಲ್ಲು ಕಚ್ಚಿಕೊಂಡು ಹೇಳಿದರು: "ಮೆಲ್ಲಗೆ ಬಂದು ಕಿವಿಯಲ್ಲಿ ಹೇಳೂಕೆ ಆಗ್ತಿರ್ಲಿಲ್ವಾ?"

ಆ ರಾತ್ರಿ ನಾನು ತುಂಬ ಅತ್ತೆ. ಪೆಟ್ಟಿಗೆ ಬೇಡ ಅಂದದ್ದು ಪ್ರೀತಿಗೋ ಹೆದರಿಕೆಗೋ ಎಂದು ಎಷ್ಟೋ ದಿನದಿಂದ ತಲೆ ತಿನ್ನುತ್ತಿದ್ದ ಪ್ರಶ್ನೆಗೆ ಉತ್ತರ ಸಿಕ್ಕಿತ್ತು, ಅದು ನನಗೆ ಬೇಡವಾಗಿತ್ತು. ಅಪ್ಪನಿಗೆ ಬೇಕಾದದ್ದು ತಮ್ಮೊಬ್ಬರಿಗೇ ಹೇಳುವ ಮೂಗು. ಪೆಟ್ಟಿಗೆ ಎಲ್ಲರಿಗೂ ಹೇಳುತ್ತದೆ, ಐಸ್ ಎಳೆಯುವವನಿಗೂ, ಬೋಟಿನವನಿಗೂ, ದಾರಿಹೋಕನಿಗೂ. ಗ್ಯಾಸ್ ಸೋರುವುದಕ್ಕಿಂತ ಸೋರಿದ ಸುದ್ದಿ ದೊಡ್ಡದು ಎಂದು ಅವರು ಬದುಕಿನುದ್ದಕ್ಕೂ ನಂಬಿ ನಡೆದವರು, ಆ ನಂಬಿಕೆ ಅವರಿಗೆ ಒಳ್ಳೆಯದನ್ನೇ ಮಾಡಿತ್ತು. ಕೈ ಹಿಡಿದದ್ದನ್ನು ಯಾರು ಬಿಡುತ್ತಾರೆ?

ಕೆಲವು ದಿನ ಬಿಟ್ಟು ಕುಮಟೆಯ ಆ ಮನುಷ್ಯನಿಗೆ ಫೋನ್ ಮಾಡಿ ನಾನೇ ಕರೆಸಿದೆ. ಅಪ್ಪ ಯಂತ್ರದ ಕೋಣೆಯ ಬಾಗಿಲಲ್ಲಿ ನಿಂತಿದ್ದರು, ಮಾಮ ಒಳಗೆ ಸ್ಪ್ಯಾನರ್ ಒರೆಸುತ್ತಿದ್ದರು, ಪಕ್ಕದಲ್ಲೇ ಐಸ್ ಎಳೆಯುವ ಕೆಲಸ ನಡೆದಿತ್ತು. ಆತ ಚೀಲ ಬಿಚ್ಚುವ ಮೊದಲೇ ಅಪ್ಪ ನಗುತ್ತ ಕೈ ಅಡ್ಡ ಮಾಡಿದರು.

"ಅದ್ರ ಅಗತ್ಯ ಇಲ್ಲ ಈಗ. ನನ್ನ ಮಗಳಿದ್ದಾಳಲ್ಲ! ಗೇಟಿನ ಹತ್ರ ಬಂದ್ರೆ ಸಾಕು, ಹೇಳ್ತಾಳೆ. ಅಂಥಾ ಮೂಗು ಅವಳದ್ದು."

ಸುಳ್ಳು ಯಾಕೆ ಹೇಳಲಿ, ಕೇಳಿ ನನಗೆ ಖುಷಿಯಾಯಿತು. ಅಪ್ಪ ನಾಲ್ಕು ಜನರ ಎದುರು ನನ್ನನ್ನು ಹೊಗಳಿದ್ದೇ ಅಪರೂಪ. ಮೈ ಸ್ವಲ್ಪ ಉಬ್ಬಿತು. ಮಾಮ ತಲೆ ಎತ್ತಿ ನನ್ನ ಕಡೆ ನೋಡಿ ಮತ್ತೆ ಸ್ಪ್ಯಾನರ್ ಒರೆಸತೊಡಗಿದರು. ಅವರೂ ಒಂದು ಕಾಲದಲ್ಲಿ ಇದೇ ಮಾತು ಕೇಳಿ ಹೀಗೇ ಉಬ್ಬಿರಬೇಕು ಎಂದು ಹೊಳೆದು ಆ ಉಬ್ಬು ಇಳಿಯಿತು. ಅದರ ಮೇಲೆ ಆ ವಾರವೆಲ್ಲ ನನಗೆ ನೆಗಡಿ. ಮೂಗು ಕಟ್ಟಿಹೋಗಿ ಮನೆಯಲ್ಲಿ ಒಗ್ಗರಣೆ ಸೀದದ್ದೂ ಗೊತ್ತಾಗಿರಲಿಲ್ಲ. ನಾನು ಅದನ್ನು ಅಪ್ಪನಿಗೆ ಹೇಳಿರಲಿಲ್ಲ.

ಈಗ ಹೇಳಿದೆ. ಕಿವಿಯಲ್ಲಿ ಅಲ್ಲ. "ಅಪ್ಪ, ನನಗೆ ನೆಗಡಿ! ಒಂದು ವಾರದಿಂದ ಎಂತ ವಾಸನೆಯೂ ಇಲ್ಲ. ಮಾಮಂದು ಕೊರೊನಾದಲ್ಲೇ ಹೋಯ್ತು. ನಿಮ್ದೂ ಹೋಗಿದೆ. ಇವತ್ತು ಈ ಪ್ಲಾಂಟಿನಲ್ಲಿ ಕಾಯೂಕೆ ಯಾರೂ ಇಲ್ಲ!"

ಐಸ್ ಎಳೆಯುತ್ತಿದ್ದವರು ನಿಂತರು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಸ್ಪತ್ರೆಗೆ ಹೋಗಿ ಬಂದವನೇ ಮೊದಲು ಕೈಯ ಕೊಕ್ಕೆ ಕೆಳಗಿಟ್ಟು ಹೊರಗೆ ನಡೆದ. ಉಳಿದವರು ಹಿಂದೆಯೇ ಹೋದರು. ಗೇಟಿನಲ್ಲಿ ಲಾರಿಗಳು ಹಾರ್ನ್ ಹಾಕುತ್ತಿದ್ದವು. ಮಾಮ ಸ್ಪ್ಯಾನರನ್ನು ಅದರ ಜಾಗದಲ್ಲಿ ನೇತುಹಾಕಿದರು, ಯಂತ್ರ ಬಂದ್ ಮಾಡಿದರು. "ನಂದೂ ಆತು" ಎಂದು ಅಪ್ಪನಿಗೆ ಮೆಲ್ಲಗೆ ಹೇಳಿ ಅವರ ಹಿಂದೆ ಹೋದರು.

ಯಂತ್ರ ನಿಂತ ಮೇಲೆ ಒಳಗೆ ನೀರು ತೊಟ್ಟಿಕ್ಕುವುದು ಕೇಳುತ್ತಿತ್ತು. ಅಪ್ಪ ಹೊರಗೆ ಬರಲಿಲ್ಲ. ಕೋಣೆಯ ನಡುವೆ ಹೋಗಿ ನಿಂತು, ತಲೆಯನ್ನು ಒಂದಿಷ್ಟು ಆಚೆ, ಒಂದಿಷ್ಟು ಈಚೆ ತಿರುಗಿಸಿ, ಜೋರಾಗಿ ಉಸಿರು ಎಳೆದುಕೊಂಡರು. ನನ್ನ ಕಡೆ ತಿರುಗಿದಾಗ ಮುಖದಲ್ಲಿ ಗೆದ್ದ ಕಳೆ ಇತ್ತು.

"ಸುಮ್ನೆ ಹೆದರಿಸ್ದೆ ಎಲ್ಲರನ್ನೂ. ಎಂತ ಗ್ಯಾಸೂ ಇಲ್ಲ ಇಲ್ಲಿ. ನೋಡು, ನಂಗೆ ಒಂಚೂರೂ ವಾಸನೆ ಬರ್ತಿಲ್ಲ" ಎಂದರು.

ನಾನು ಒಳಗೆ ಹೋಗಿ ಅವರ ಕೈ ಹಿಡಿದು ಹೊರಗೆ ಕರೆದುಕೊಂಡು ಬಂದೆ.